ಬಹುದು

ಸೀಸೆಯೊಳಗೆ ಅರವತ್ತು ಗುಳಿಗೆ.
ಹಳದಿ, ಅಲ್ಲ, ಜೇನಿನ ಬಣ್ಣ.
ಒಂದನ್ನು ಬೆಳಕಿಗೆ ಹಿಡಿದು ನೋಡಿದರೆ
ಎದುರಿನ ಬಸ್‌ಸ್ಟ್ಯಾಂಡು ತಲೆಕೆಳಗಾಗಿ ಕಾಣುತ್ತದೆ.
ಹನ್ನೊಂದು ವರ್ಷದಿಂದ ಗೋಣಿಕೊಪ್ಪದ ಈ ಮೆಡಿಕಲ್ಸಿನಲ್ಲಿ
ನಾನು ಮಾರುತ್ತಿರುವುದು ಮೀನೆಣ್ಣೆಯನ್ನಲ್ಲ,
ಸೀಸೆಯ ಬೆನ್ನಿಗೆ ಅಂಟಿಸಿದ ಒಂದು ಪದದ ಬಾಲವನ್ನು:

ಹೃದಯಕ್ಕೆ ಒಳಿತಾಗಬಹುದು.
ಕೀಲುನೋವು ತಗ್ಗಬಹುದು.
ನೆನಪು ಉಳಿಯಬಹುದು.

ಬಹುದು. ಎಷ್ಟು ಅಗಲ ಆ ನೀರು!
ಅದರಲ್ಲಿ ಮುಳುಗಿದವರೂ ಇಲ್ಲ,
ದಡ ಮುಟ್ಟಿದವರೂ ಇಲ್ಲ.

ಸಂತೆಯ ದಿನ ದೇಚಮ್ಮಾಂಟಿ ಬರುತ್ತಾರೆ.
ಕೌಂಟರಿನ ಮೇಲೆ ಖಾಲಿ ಸೀಸೆ ಕುಕ್ಕುತ್ತಾರೆ.
‘ಇದೂ ಮುಗಿಯಿತು. ಮಂಡಿ ಹಾಗೇ ಇದೆ.
ಆದರೆ ತಿನ್ನದೇ ಇದ್ದಿದ್ದರೆ
ಇನ್ನೂ ಕೆಡುತ್ತಿತ್ತೋ ಏನೋ, ಅಲ್ಲವಾ?’

ನಾನು ಓದಿದ ಎರಡು ವರ್ಷದ ಫಾರ್ಮಸಿಯಲ್ಲಿ
ಇದಕ್ಕೆ ಉತ್ತರ ಇರಲಿಲ್ಲ.
ತಿಂದ ದೇಚಮ್ಮ ಇಲ್ಲಿದ್ದಾರೆ, ಕೊಡೆ ಊರಿಕೊಂಡು.
ತಿನ್ನದ ದೇಚಮ್ಮನನ್ನು ಎಲ್ಲಿಂದ ಹಿಡಿದು ತರಲಿ,
ಇಬ್ಬರನ್ನೂ ಒಟ್ಟಿಗೆ
ಬ್ಯಾಂಕಿನ ಮೆಟ್ಟಿಲು ಹತ್ತಿಸಿ ನೋಡಲು?

ಹಿಂದೆ ನಿಂತಿದ್ದ ಮೊಯ್ದೂಟ್ಟಿ ಕಾಕ ನಕ್ಕರು.
ಮೂವತ್ತೆಂಟು ವರ್ಷ, ಬೆಳಗಿನ ಜಾವ ಮಾಕುಟ್ಟದ ತಿರುವುಗಳಲ್ಲಿ
ಮತ್ತಿ, ಬಂಗುಡೆ ಹತ್ತಿಸಿ ತಂದವರು.
ಅವರ ಸ್ಕೂಟರಿನ ಹಿಂದೆ ಐಸಿನ ನೀರು
ಊರೂರಿಗೆ ಒಂದು ಗೆರೆ ಎಳೆಯುತ್ತ ಹೋಗುತ್ತಿತ್ತು.
ಈಗ ಅವರೂ ಚೀಟಿ ಚಾಚಿದರು:
ರಕ್ತದಲ್ಲಿ ಕೊಬ್ಬು ಆರುನೂರ ಹತ್ತು.
ಅದೇ ಎಣ್ಣೆ, ಡೋಸು ದೊಡ್ಡದು,
ಡಾಕ್ಟರ ಕೈಬರಹದಲ್ಲಿ ‘ಬಹುದು’ ಇರಲಿಲ್ಲ.

‘ಅಯ್ಯೋ ಕಾಕ, ಬುಟ್ಟಿ ತುಂಬ ಮೀನಿಟ್ಟುಕೊಂಡು
ಗುಳಿಗೆ ನುಂಗುತ್ತೀರಲ್ಲ!’ ಎಂದರು ಆಂಟಿ.

‘ಮೀನಾ? ಅದರ ವಾಸನೆಗೆ ನನಗೆ ಅನ್ನ ಇಳಿಯಲ್ಲ.
ಮನೆಯಲ್ಲಿ ಮೊಟ್ಟೆ ಸಾರು.
ಇಪ್ಪತ್ತು ವರ್ಷ ಆಯ್ತು, ಯಾರಿಗೂ ಹೇಳಬೇಡಿ.’

ಆಂಟಿಗೆ ಹಟ ಬಂತು.
ಹೊಸ ಸೀಸೆ ಒಡೆದು, ಒಂದನ್ನು
ನುಂಗದೆ ಕಚ್ಚಿಯೇಬಿಟ್ಟರು.
ಕಡಲು ಕಾಣದ ನಮ್ಮೂರಿನಲ್ಲಿ
ಗ್ಲೂಕೋಸಿನ ಡಬ್ಬಿ, ಕೂಸಿನ ಪೌಡರಿನ ನಡುವೆ
ಒಂದು ಸಣ್ಣ ಅಲೆ ಬಂದು ಒಡೆಯಿತು.
ಕಾಕ ಮೂಗರಳಿಸಿ ತೀರ್ಪು ಕೊಟ್ಟರು:
‘ಇದು ನಮ್ಮ ನೀರಿನದ್ದಲ್ಲ, ಮೋಳೇ. ತುಂಬ ತಣ್ಣಗಿನ ಕಡಲಿನ ಮೀನು.
ಪಾಪ, ಎಷ್ಟು ದೂರದಿಂದ ಬಂದಿದೆ.’

ಆಂಟಿಗೆ ಗದ್ದೆಯ ಕೊಯ್ಲೆ ಮೀನು ನೆನಪಾಯಿತು.
ನೀರು ಇಳಿಯುವಾಗ ಕುಕ್ಕೆಯೊಡ್ಡಿ ಹಿಡಿದದ್ದು,
ಕಾಚಂಪುಳಿ ಬಿಟ್ಟು, ಮುಳ್ಳುಸಮೇತ ಅಗಿದದ್ದು.
‘ಆಗ ನನಗೆ ಮಂಡಿ ನೋವೇ ಇರಲಿಲ್ಲ.’
‘ಆಗ ನಿಮಗೆ ಹತ್ತು ವರ್ಷ’ ಎಂದೆ.
ಅವರು ನಗಲಿಲ್ಲ.

ನಾನು ಕೇಳಬೇಕಾದ್ದನ್ನು ಕೇಳಿದೆ:
ರಕ್ತ ತೆಳುವಾಗಲು ಏನಾದರೂ ತಿನ್ನುತ್ತೀರಾ?
ಎದೆ ಎಂದಾದರೂ ತಾಳ ತಪ್ಪಿ ಬಡಿಯುತ್ತದಾ?
ಏಕೆಂದರೆ ಹೃದಯಕ್ಕೆಂದು ಕೊಂಡ ಎಣ್ಣೆ
ಹೆಚ್ಚಾದರೆ ಕೆಲವರ ಹೃದಯದ ತಾಳವನ್ನೇ ತಪ್ಪಿಸಲೂ
ಬಹುದು.
ಆ ಪದಕ್ಕೆ ಎರಡೂ ಕಡೆ ಹರಿತ.
ಕಾಕ ತಲೆಯಾಡಿಸಿ ಡಾಕ್ಟರ ನಂಬರು ಒತ್ತಿದರು.
ಆಂಟಿ ಹಣ ಎಣಿಸಿದರು, ಚಿಲ್ಲರೆ ಸಮೇತ,
‘ಇದೊಂದು ಸಲ ಮಾತ್ರ’ ಎಂದರು,
ಕಳೆದ ತಿಂಗಳು ಅಂದ ಹಾಗೆಯೇ.

ಮಾರ್ಚಿನಲ್ಲಿ ಅವಧಿ ಮುಗಿದ ಒಂದು ಸೀಸೆ ಉಳಿಯಿತು.
ಕಂಪನಿಯವರು ಅದನ್ನು ವಾಪಸು ಪಡೆಯಲಿಲ್ಲ.
ಗುಂಡುಸೂಜಿಯಿಂದ ಚುಚ್ಚಿ ಚುಚ್ಚಿ
ಅಂಗಡಿಯ ಹಿಂಬಾಗಿಲ ಕೀಲಿಗೆ ಬಿಟ್ಟೆ.
ನಾನು ಕೆಲಸಕ್ಕೆ ಸೇರಿದ ದಿನದಿಂದ ನರಳುತ್ತಿದ್ದ ಬಾಗಿಲು
ಆ ಸಂಜೆ ತುಟಿಪಿಟಕ್ಕೆನ್ನದೆ ಮುಚ್ಚಿಕೊಂಡಿತು.

ಕೀಲಿಗೆ ಒಳ್ಳೆಯದು.
ಬೇಕಿದ್ದರೆ ಬರೆದು ಸಹಿ ಹಾಕಿ ಕೊಡುತ್ತೇನೆ,
ಬಹುದು ಗಿಹುದು ಇಲ್ಲದೆ.
ಅಡ್ಡಪರಿಣಾಮವೂ ಉಂಟು:
ಬೆಳಗ್ಗೆ ಬೀಗ ತೆಗೆಯಲು ಬಂದರೆ
ಮೀನು ಮಾರ್ಕೆಟ್ಟಿನ ಮೂರು ಬೆಕ್ಕುಗಳು
ಹಿಂಬಾಗಿಲಲ್ಲಿ ಸಾಲಾಗಿ ಕೂತು
ನನ್ನ ಮುಖವನ್ನೇ ನೋಡುತ್ತಿರುತ್ತವೆ,
ಚೀಟಿ ತಂದವರ ಹಾಗೆ.